ಮನೆಯ ಬೀಗದ ಕೈ ಎಲ್ಲಿದೆ ಗೊತ್ತು, ಪಾಸ್‌ವರ್ಡ್ ಎಲ್ಲಿದೆ?

ಗಲ್ಫ್‌ನಲ್ಲಿ ದುಡಿಯುವ ನಮ್ಮಲ್ಲಿ ಹೆಚ್ಚಿನವರ ಸಂಸಾರ ಎರಡು ದೇಶಗಳಲ್ಲಿ ಹಂಚಿಹೋಗಿದೆ. ಲಾಗಿನ್‌ಗಳೂ ಹಾಗೆಯೇ. ಊರಿನ ಎನ್‌ಆರ್‌ಇ ಖಾತೆ, ವಿಮೆಯ ಕಂತು, ಕರೆಂಟ್ ಬಿಲ್, ಮಕ್ಕಳ ಶಾಲಾ ಶುಲ್ಕ ಒಂದು ಕಡೆ. ಇಲ್ಲಿನ ಸಂಬಳದ ಖಾತೆ, ಹಣ ಕಳಿಸುವ ಆ್ಯಪ್, ಸೌದಿಯಲ್ಲಿದ್ದರೆ ಅಬ್ಶರ್ ಇನ್ನೊಂದು ಕಡೆ.

ಇಷ್ಟನ್ನೂ ನೆನಪಿಡುವುದು ಕಷ್ಟ. ಹಾಗಾಗಿ ಹಲವರು ಮಗುವಿನ ಹೆಸರಿಗೆ ಹುಟ್ಟಿದ ವರ್ಷ ಸೇರಿಸಿ ಎಲ್ಲೆಡೆ ಅದನ್ನೇ ಬಳಸುತ್ತಾರೆ. ಒಂದು ಜಾಲತಾಣದಿಂದ ಅದು ಸೋರಿದರೆ ಕಳ್ಳರು ಉಳಿದೆಡೆಯೂ ಅದನ್ನೇ ಹಾಕಿ ನೋಡುತ್ತಾರೆ. ಇನ್ನು ಕೆಲವರು ವಾಟ್ಸ್‌ಆ್ಯಪ್‌ನಲ್ಲಿ ಮನೆಗೆ ಬರೆದು ಕಳಿಸುತ್ತಾರೆ. ಆ ಮೊಬೈಲ್ ಬೇರೆಯವರ ಕೈ ಸೇರಿದರೆ ಎಲ್ಲವೂ ಬಯಲು.

ಇದಕ್ಕೆ ಪರಿಹಾರ ಪಾಸ್‌ವರ್ಡ್ ಮ್ಯಾನೇಜರ್. ಪ್ರತಿ ಖಾತೆಗೂ ಬೇರೆಯದೇ ಆದ ಕಠಿಣ ಪಾಸ್‌ವರ್ಡನ್ನು ಅದೇ ಸೃಷ್ಟಿಸಿ, ಗೂಢಲಿಪಿಯಲ್ಲಿ ಕಾಪಾಡುವ ತಿಜೋರಿ ಇದು. ಆಂಡ್ರಾಯ್ಡ್‌ನಲ್ಲಿ ಗೂಗಲ್‌ನದು, ಐಫೋನಿನಲ್ಲಿ ಆ್ಯಪಲ್‌ನದು ಮೊದಲೇ ಇರುತ್ತದೆ. ಬಿಟ್‌ವಾರ್ಡನ್, ಕೀಪಾಸ್ ಉಚಿತವಾಗಿ ಸಿಗುತ್ತವೆ.

ಬಿಟ್‌ವಾರ್ಡನ್‌ನಂಥವುಗಳಲ್ಲಿ ನಾವು ನೆನಪಿಡಬೇಕಾದದ್ದು ಒಂದೇ ಮಾಸ್ಟರ್ ಪಾಸ್‌ವರ್ಡ್. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿದರೆ ಒಳ್ಳೆಯದು. ಗಾದೆ, ಹಾಡಿನ ಸಾಲು ಬೇಡ. ಅದು ಕಂಪನಿಗೂ ಗೊತ್ತಿರುವುದಿಲ್ಲ, ಮರೆತರೆ ಅವರೂ ತೆರೆದುಕೊಡಲಾರರು. ಕಾಗದದಲ್ಲಿ ಬರೆದು ಮನೆಪತ್ರಗಳ ಜೊತೆ ಬೀರುವಿನಲ್ಲಿಡಿ. 2022ರಲ್ಲಿ ಲಾಸ್ಟ್‌ಪಾಸ್ ಕಂಪನಿಯಿಂದ ಗ್ರಾಹಕರ ತಿಜೋರಿಗಳ ಪ್ರತಿಗಳೇ ಕಳುವಾದವು. ದುರ್ಬಲ ಮಾಸ್ಟರ್ ಪಾಸ್‌ವರ್ಡ್ ಇಟ್ಟವರಿಗೇ ಆಗ ಹೆಚ್ಚು ಅಪಾಯ. ಎರಡು ಹಂತದ ದೃಢೀಕರಣವನ್ನೂ ಹಾಕಿಕೊಳ್ಳಿ.

ಇನ್ನೊಂದು ಲಾಭವಿದೆ. ‘ಕೆವೈಸಿ ಮುಗಿಯುತ್ತಿದೆ’ ಎಂಬ ಸಂದೇಶದ ಲಿಂಕ್ ಒತ್ತಿದಾಗ ಬ್ಯಾಂಕಿನಂತೆಯೇ ಕಾಣುವ ನಕಲಿ ಪುಟ ತೆರೆಯಬಹುದು. ನಮ್ಮ ಕಣ್ಣು ಮೋಸ ಹೋದರೂ ಮ್ಯಾನೇಜರ್ ವಿಳಾಸ ನೋಡುತ್ತದೆ. ಅದು ಬೇರೆಯಾಗಿದ್ದರೆ ಪಾಸ್‌ವರ್ಡ್ ತಾನಾಗಿ ತುಂಬುವುದಿಲ್ಲ. ಆಗ ಅಲ್ಲಿಗೇ ನಿಲ್ಲಿಸಿ. ಹಣ ಹೋಗಿದ್ದರೆ ಊರಿನವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಇನ್ನು ನಮ್ಮನ್ನು ಹೆಚ್ಚು ಕಾಡುವ ಮಾತು. ಇಲ್ಲಿ ದುಡಿಯುವವರು ಏಕಾಏಕಿ ಆಸ್ಪತ್ರೆ ಸೇರಿದರೆ, ಯಾವ ಬ್ಯಾಂಕಿನಲ್ಲಿ ಖಾತೆಯಿದೆ, ಯಾವ ವಿಮೆಯಿದೆ ಎಂಬುದೇ ಎಷ್ಟೋ ಮನೆಗಳಿಗೆ ತಿಳಿದಿರುವುದಿಲ್ಲ. ಬಿಟ್‌ವಾರ್ಡನ್‌ನ ಹಣ ಕೊಟ್ಟು ಪಡೆಯುವ ಯೋಜನೆಯಲ್ಲಿ ತುರ್ತು ಪ್ರವೇಶದ ಸೌಲಭ್ಯವಿದೆ. ನೀವು ಹೆಸರಿಸಿದವರು ಕೋರಿಕೆ ಸಲ್ಲಿಸಿ, ನಿಗದಿತ ದಿನಗಳೊಳಗೆ ನೀವು ನಿರಾಕರಿಸದಿದ್ದರೆ ತಿಜೋರಿ ಅವರಿಗೆ ತೆರೆಯುತ್ತದೆ. ಖಾತೆ, ಶಾಖೆ, ಪಾಲಿಸಿ ಸಂಖ್ಯೆಗಳ ಪಟ್ಟಿಯನ್ನೂ ಅದರಲ್ಲೇ ಬರೆದಿಡಿ.

ಆದರೆ ಹಣ ತೆಗೆಯುವ ಹಕ್ಕಿಗೆ ಪಾಸ್‌ವರ್ಡ್ ದಾರಿಯಲ್ಲ. ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್, ಪಿನ್, ಒಟಿಪಿ ಯಾರಿಗೂ ಕೊಡಬಾರದು ಎಂದೇ ಬ್ಯಾಂಕುಗಳು ಹೇಳುತ್ತವೆ. ಎನ್‌ಆರ್‌ಇ ಖಾತೆಯಿಂದ ಊರಿನ ಪಾವತಿ ಮಾಡಲು ಮನೆಯವರಿಗೆ ಮ್ಯಾಂಡೇಟ್ ಕೊಡಬಹುದು. ನಾಮಿನಿ ಹೆಸರು ಸೇರಿಸಿದ್ದೀರಾ ಎಂಬುದನ್ನೂ ನೋಡಿಕೊಳ್ಳಿ.

ಕೆಲಸ ಬಿಟ್ಟು ಊರಿಗೆ ಮರಳುವವರು ಇಲ್ಲಿನ ಸಿಮ್ ರದ್ದು ಮಾಡುವ ಮೊದಲೇ ಒಟಿಪಿ ಬರುವ ನಂಬರ್ ಬದಲಿಸಿಕೊಳ್ಳಬೇಕು. ಬಿಟ್ಟ ನಂಬರ್ ಮುಂದೆ ಬೇರೆಯವರ ಪಾಲಾಗಬಹುದು.

ಎಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ. ಮುಂದಿನ ರಜಾದಿನದ ವಿಡಿಯೊ ಕರೆಯಲ್ಲಿ ಇಮೇಲ್ ಮತ್ತು ಬ್ಯಾಂಕ್, ಇವೆರಡರಿಂದ ಆರಂಭಿಸಿ. ಇಮೇಲ್ ಮೊದಲು, ಉಳಿದ ಹಲವು ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದು ಅಲ್ಲಿಗೇ.