ಯಲಹಂಕದ ಅನಿಲ ವಿದ್ಯುತ್ ಸ್ಥಾವರ: ಉತ್ಪಾದನೆ ಎಷ್ಟು, ಹೊಗೆ ಎಷ್ಟು?



ಹೂಮಳೆ ಕೈಕೊಟ್ಟ ವರ್ಷ ಕಾಫಿಗೆ ತುಂತುರು ನೀರಾವರಿಯೇ ಗತಿ. ಅಡಿಕೆ ತೋಟಕ್ಕಂತೂ ಬೇಸಗೆಯುದ್ದಕ್ಕೂ ನೀರು ಬೇಕು. ಪಂಪು ನಡೆಯಲು ಕರೆಂಟು ಬೇಕು. ಆ ಕರೆಂಟು ತಯಾರಿಸಲು ಇಂಧನ ಸುಟ್ಟಾಗ ಹೊರಬೀಳುವ ಇಂಗಾಲದ ಡೈಆಕ್ಸೈಡು ಭೂಮಿಯ ಬಿಸಿ ಏರಿಸಿ ಮಳೆಯ ಕ್ರಮವನ್ನೇ ಏರುಪೇರು ಮಾಡುತ್ತದೆ. ಆದಕಾರಣ ವಿದ್ಯುತ್ತು ಹೇಗೆ ತಯಾರಾಗುತ್ತದೆಂಬುದು ನಾವೂ ತಿಳಿಯತಕ್ಕ ವಿಷಯ.

ಕರ್ನಾಟಕ ವಿದ್ಯುತ್ ನಿಗಮದ ಯಲಹಂಕ ಅನಿಲ ಸ್ಥಾವರವು 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡಿತು. ಇದರ ಸಾಮರ್ಥ್ಯ 370 ಮೆಗಾವ್ಯಾಟ್. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ಹಾಕಿರುವ ಕೊಳವೆ ಮಾರ್ಗದಿಂದ ಇದಕ್ಕೆ ಅನಿಲ ಒದಗುತ್ತದೆ.

ಕೋಡೊಲೆಯ ತತ್ತ್ವ

ಬಚ್ಚಲೊಲೆಯ ಪಕ್ಕದ ಕೋಡೊಲೆಯನ್ನು ನೆನೆಯಿರಿ. ಒಂದೇ ಬೆಂಕಿ, ಎರಡು ಪಾತ್ರೆಗೆ ಶಾಖ. ಯಲಹಂಕದಲ್ಲೂ ಹಾಗೆಯೇ. ಮೊದಲು ಅನಿಲವನ್ನು ಉರಿಸಿ, ಆ ಬಿಸಿಗಾಳಿಯ ರಭಸದಿಂದ ಒಂದು ಟರ್ಬೈನು ತಿರುಗಿಸುತ್ತಾರೆ. ಇದರಿಂದ ಸುಮಾರು 237 ಮೆಗಾವ್ಯಾಟ್. ಹೊರಬರುವ ಬಿಸಿ ಹೊಗೆಯನ್ನು ವ್ಯರ್ಥ ಮಾಡದೆ ಅದರಿಂದ ನೀರು ಕಾಯಿಸಿ, ಹಬೆಯಿಂದ ಇನ್ನೊಂದು ಟರ್ಬೈನು ತಿರುಗಿಸುತ್ತಾರೆ. ಇದರಿಂದ ಸುಮಾರು 133 ಮೆಗಾವ್ಯಾಟ್. ಹೀಗಾಗಿ ಈ ಬಗೆಯ ಸ್ಥಾವರಗಳಲ್ಲಿ ಅನಿಲದ ಶಾಖದ ಅರ್ಧಕ್ಕೂ ಹೆಚ್ಚು ಪಾಲು ವಿದ್ಯುತ್ತಾಗುತ್ತದೆ. ಕಲ್ಲಿದ್ದಲು ಸ್ಥಾವರಗಳಲ್ಲಿ ಇದು ಸಾಮಾನ್ಯವಾಗಿ ಮೂರನೇ ಒಂದು ಪಾಲಿನ ಆಸುಪಾಸು ಮಾತ್ರ.

ಲೆಕ್ಕಾಚಾರ

ಪೂರ್ಣ ಸಾಮರ್ಥ್ಯದಲ್ಲಿ ಹಗಲಿರುಳು ನಡೆದರೆ ದಿನಕ್ಕೆ 88 ಲಕ್ಷ 80 ಸಾವಿರ ಯೂನಿಟ್ ಉತ್ಪಾದನೆ. ಇಂಥ ಸ್ಥಾವರದಲ್ಲಿ ಯೂನಿಟ್ಟಿಗೆ ಸುಮಾರು 400 ಗ್ರಾಂ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ಅಂದರೆ ದಿನಕ್ಕೆ ಸುಮಾರು 3,500 ಟನ್. ಅಷ್ಟೇ ವಿದ್ಯುತ್ತನ್ನು ಕಲ್ಲಿದ್ದಲಿನಿಂದ ತೆಗೆದರೆ ಇದರ ಎರಡು ಪಟ್ಟಿಗೂ ಹೆಚ್ಚು.

ನಮ್ಮ ತೋಟದ ಲೆಕ್ಕ ನೋಡೋಣ. 10 ಎಚ್.ಪಿ. ಪಂಪು ಆರು ತಾಸು ನಡೆದರೆ ಸುಮಾರು 45 ಯೂನಿಟ್. ಅನಿಲದ ಕರೆಂಟಾದರೆ 18 ಕಿಲೋ ಇಂಗಾಲದ ಡೈಆಕ್ಸೈಡು, ಕಲ್ಲಿದ್ದಲಿನದಾದರೆ 40 ಕಿಲೋಗೂ ಮೀರಿ.

ಅನಿಲದಲ್ಲಿ ಬೂದಿಯಿಲ್ಲ; ಗಂಧಕದ ಹೊಗೆಯೂ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಾದರೋ ಸಾಮಾನ್ಯವಾಗಿ ನೂರಕ್ಕೆ 30ಕ್ಕೂ ಹೆಚ್ಚು ಪಾಲು ಬೂದಿಯೇ.

ಕಾಣದ ಹೊಗೆ

ಹಾಗೆಂದು ಅನಿಲವು ನಿರ್ದೋಷಿಯಲ್ಲ. ಉರಿಯ ಕಾವು ಬಹಳ ಹೆಚ್ಚಿರುವುದರಿಂದ ಗಾಳಿಯಲ್ಲಿರುವ ಸಾರಜನಕವೇ ಉರಿದು ಸಾರಜನಕದ ಆಕ್ಸೈಡುಗಳಾಗುತ್ತವೆ. ಇವು ಬಿಸಿಲಿನಲ್ಲಿ ಓಜೋನಿಗೆ ಕಾರಣವಾಗಿ, ಮನುಷ್ಯರ ಶ್ವಾಸಕೋಶಕ್ಕೂ ಗಿಡದ ಎಲೆಗೂ ಹಾನಿ ಮಾಡುತ್ತವೆ.

ಇನ್ನೊಂದು ದೋಷ ಸೋರಿಕೆಯದು. ಈ ಅನಿಲದ ಬಹುಪಾಲು ಮೀಥೇನ್. ಉರಿಯದೆ ಗಾಳಿಗೆ ಸೇರಿದರೆ, ಇಪ್ಪತ್ತು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿನ ಸುಮಾರು 80 ಪಟ್ಟು ಬಿಸಿ ಹಿಡಿದಿಡುತ್ತದೆ. ಬಾವಿಯಿಂದ ಸ್ಥಾವರದವರೆಗೆ ನೂರಕ್ಕೆ ಮೂರ್ನಾಲ್ಕು ಪಾಲು ಸೋರಿಹೋದರೂ ಕಲ್ಲಿದ್ದಲಿಗಿಂತ ಮೇಲೆಂಬ ಹೆಗ್ಗಳಿಕೆ ಬಹುಮಟ್ಟಿಗೆ ಅಳಿಯುತ್ತದೆ.

ಮೂರನೆಯದು ಬೆಲೆ. ನಮ್ಮ ದೇಶ ಬಳಸುವ ಅನಿಲದ ಹೆಚ್ಚುಕಡಿಮೆ ಅರ್ಧ ಪಾಲು ದ್ರವರೂಪದಲ್ಲಿ ಹಡಗಿನ ಮೂಲಕ ಬರತಕ್ಕದ್ದು. ಕಾಫಿಯ ದರದಂತೆ ಇದರ ದರವೂ ಹೊರದೇಶದ ಮಾರುಕಟ್ಟೆಯನ್ನು ಅವಲಂಬಿಸಿದೆ. ದರ ಏರಿದಾಗ ಅನಿಲ ಸ್ಥಾವರಗಳನ್ನು ನಿಲ್ಲಿಸಿಡುವುದೂ ಉಂಟು.

ನಾವು ಮಾಡಬಹುದಾದದ್ದು

ಕಲ್ಲಿದ್ದಲು ಸ್ಥಾವರಕ್ಕಿಂತ ಬೇಗ ಚಾಲೂ ಮಾಡಬಹುದಾದ್ದರಿಂದ, ಸೂರ್ಯ ಮುಳುಗಿ ಸೌರ ವಿದ್ಯುತ್ತು ನಿಂತ ಮೇಲೆ ಅನಿಲ ಸ್ಥಾವರ ನೆರವಿಗೆ ಬರುತ್ತದೆ. ಅದರ ನಿಜವಾದ ಉಪಯೋಗ ಅಲ್ಲಿದೆ. ನೀರು ಹಾಯಿಸುವ ಕೆಲಸವನ್ನು ಸಾಧ್ಯವಾದಷ್ಟು ಹಗಲಿನ ಸರಬರಾಜಿನಲ್ಲೇ ಮುಗಿಸುವುದು ಒಳ್ಳೆಯದು. ನೀರಿನ ಆಳಕ್ಕೆ ತಕ್ಕ ಪಂಪು, ಸೋರದ ಫುಟ್‌ವಾಲ್ವ್, ಅಗತ್ಯವಿದ್ದಷ್ಟು ಅಗಲದ ಪೈಪು, ಇವುಗಳಿಂದ ಉಳಿಯುವ ಪ್ರತಿ ಯೂನಿಟ್ಟಿಗೂ ಅಷ್ಟು ಹೊಗೆ ಕಡಿಮೆ. ಈ ಬೇಸಗೆ ನೀರು ಬಿಡುವ ಮುನ್ನ ಸದಸ್ಯರೆಲ್ಲರೂ ತಮ್ಮ ಪಂಪುಗಳನ್ನು ಒಮ್ಮೆ ಪರೀಕ್ಷಿಸಿಕೊಳ್ಳಬೇಕಾಗಿ ವಿನಂತಿ.