ಬಿರಡೆ ಹಾರಿಸಿದ ಗ್ಯಾಸು

ಅಮೆರಿಕದಲ್ಲಿ ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಪುಟ್ಟ ಮನೆಯೊಂದನ್ನು ಕೂರಿಸಿಕೊಂಡು ಹಿಮ ಬೀಳುವ ಕಾಲದಲ್ಲೇ ಊರು ಬಿಡುವವರಿದ್ದಾರೆ. ಟ್ರಕ್ ಕ್ಯಾಂಪರ್ ಎಂಬ ಆ ಮನೆಯನ್ನು ಚಳಿಗೆ ಅಣಿಮಾಡುವಾಗ ನೀರಿನ ಪೈಪು, ಕಿಟಕಿ, ಬ್ಯಾಟರಿ ಎಲ್ಲದರ ಕಡೆಗೂ ಗಮನ ಕೊಡಬೇಕು, ನಿಜ. ಆದರೆ ರಾತ್ರಿ ಜೀವ ಉಳಿಸುವುದು ಪ್ರೊಪೇನ್ ಸಿಲಿಂಡರು. ಒಲೆ ಉರಿಯುವುದು, ಬಿಸಿಗಾಳಿ ಊದುವ ಫರ್ನೇಸ್ ನಡೆಯುವುದು ಅದರಿಂದಲೇ. ಈ ಗ್ಯಾಸು ಇಂಧನವಾಗಿ ಜನರ ಕೈಗೆ ಸಿಕ್ಕಿದ್ದಕ್ಕೂ ಚಳಿಗೂ ಯಾವ ಸಂಬಂಧವೂ ಇಲ್ಲ. ಅದರ ಮೂಲ ಒಂದು ತಕರಾರು.

ಇಸವಿ 1910. ಅಮೆರಿಕ ಸರ್ಕಾರದ ಗಣಿ ಬ್ಯೂರೋದಲ್ಲಿ ವಾಲ್ಟರ್ ಸ್ನೆಲ್ಲಿಂಗ್ ಎಂಬ ರಸಾಯನಶಾಸ್ತ್ರಜ್ಞನಿದ್ದ, ಸ್ಫೋಟಕಗಳಲ್ಲಿ ಪಳಗಿದವನು. ಪ್ರಚಲಿತ ಕತೆಯ ಪ್ರಕಾರ, ಫೋರ್ಡ್ ಮಾಡೆಲ್ ಟಿ ಕಾರಿನ ಮಾಲೀಕನೊಬ್ಬ ಅವನ ಬಳಿ ಬಂದು ದೂರಿದ: ಒಂದು ಗ್ಯಾಲನ್ ಪೆಟ್ರೋಲು ಕೊಂಡರೆ ಮನೆ ಸೇರುವಷ್ಟರಲ್ಲಿ ಅರ್ಧವೇ ಉಳಿದಿರುತ್ತದೆ, ಈ ಮೋಸವನ್ನು ಸರ್ಕಾರ ವಿಚಾರಿಸಬಾರದೇ? ಸ್ನೆಲ್ಲಿಂಗ್ ಜಾಡಿಯೊಂದಕ್ಕೆ ಆ ಪೆಟ್ರೋಲು ತುಂಬಿಸಿ ಬಿರಡೆ ಜಡಿದ. ಬಿರಡೆ ನಿಲ್ಲಲಿಲ್ಲ. ಮತ್ತೆ ಜಡಿದರೆ ಮತ್ತೆ ಹಾರಿತು. ಒಳಗಿದ್ದದ್ದರಲ್ಲಿ ಒಂದು ಪಾಲಿಗೆ ದ್ರವವಾಗಿರುವ ಮನಸ್ಸೇ ಇರಲಿಲ್ಲ.

ಹಳೆಯ ನೀರು ಕಾಯಿಸುವ ಯಂತ್ರದ ಸುರುಳಿ ಕೊಳವೆ, ಲ್ಯಾಬಿನಲ್ಲಿ ಕೈಗೆ ಸಿಕ್ಕ ಸಾಮಾನು, ಇಷ್ಟನ್ನು ಜೋಡಿಸಿ ಅವನು ಬಟ್ಟಿ ಇಳಿಸುವ ಸಾಧನ ಕಟ್ಟಿಕೊಂಡ. ಪೆಟ್ರೋಲಿನಿಂದ ಹಗುರ ಅನಿಲಗಳು ಬೇರ್ಪಟ್ಟವು: ಪ್ರೊಪೇನ್, ಬ್ಯೂಟೇನ್. ರಸಾಯನಶಾಸ್ತ್ರಕ್ಕೆ ಪ್ರೊಪೇನ್ ಹೊಸದೇನಲ್ಲ, ಫ್ರಾನ್ಸಿನ ಬರ್ತಲೋ 1857ರಲ್ಲೇ ಅದನ್ನು ಕಂಡಿದ್ದ. ಒತ್ತಿ ದ್ರವವಾಗಿಸಿ ಉಕ್ಕಿನ ಬಾಟಲಿಯಲ್ಲಿ ತುಂಬಿದರೆ ಎಲ್ಲಿಗೆ ಬೇಕಾದರೂ ಹೊತ್ತೊಯ್ಯಬಹುದು ಎಂಬುದು ಸ್ನೆಲ್ಲಿಂಗ್ ಕಂಡ ಸಂಗತಿ. ನನ್ನ ಪ್ರಕಾರ ನಿಜವಾದ ಆವಿಷ್ಕಾರ ಇದೇ. 1913ರಲ್ಲಿ ಪೇಟೆಂಟ್ ಸಿಕ್ಕಿತು. ಮುಂದೆ ಅದನ್ನು ತೈಲೋದ್ಯಮಿ ಫ್ರಾಂಕ್ ಫಿಲಿಪ್ಸ್‌ಗೆ ಮಾರಿದ.

ಕಾರಿನವನಿಗೆ ನಷ್ಟ ತಂದ ಗುಣವೇ ಚಳಿಯಲ್ಲಿ ವರವಾಯಿತು. ಸಿಲಿಂಡರಿನ ದ್ರವ ಆವಿಯಾದರೆ ತಾನೇ ಬರ್ನರಿಗೆ ಗ್ಯಾಸು? ಬ್ಯೂಟೇನ್ ಕುದಿಯುವುದು ಮೈನಸ್ 0.5 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ನೀರು ಹೆಪ್ಪುಗಟ್ಟುವ ಹೊತ್ತಿಗೆ ಅದೂ ಕೈಕಟ್ಟಿ ಕೂರುತ್ತದೆ. ಪ್ರೊಪೇನ್ ಮೈನಸ್ 42ರಲ್ಲೂ ಕುದಿಯುತ್ತದೆ. ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿರುವುದು ಎರಡರ ಮಿಶ್ರಣ. ಬೆಂಗಳೂರಿನಿಂದ ವ್ಯಾನು ಹೊಡೆದುಕೊಂಡು ಚಳಿಗಾಲದ ಲಡಾಖಿಗೆ ಹೋಗುವವರು ಇದನ್ನು ನೆನಪಿಡಬೇಕು.

ಆದರೂ ಪ್ರೊಪೇನ್‌ಗೆ ಮಿತಿಯಿದೆ. ಮೈನಸ್ 30ರಲ್ಲಿ ಸಿಲಿಂಡರಿನ ಒತ್ತಡ, 20 ಡಿಗ್ರಿಯಲ್ಲಿ ಇರುವುದರ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ದ್ರವ ತನ್ನಿಂದಲೇ ಕಿತ್ತುಕೊಳ್ಳುವುದರಿಂದ ಸಿಲಿಂಡರು ಇನ್ನಷ್ಟು ತಣ್ಣಗಾಗಿ, ಹೊರಮೈಯಲ್ಲಿ ದ್ರವ ಇರುವ ಮಟ್ಟದವರೆಗೆ ಬಿಳಿ ಹಿಮದ ಪಟ್ಟಿ ಮೂಡುತ್ತದೆ. ಅರೆಬರೆ ತುಂಬಿದ ಸಿಲಿಂಡರು ಬೇಗ ಸೋಲುವುದು ಇದಕ್ಕೇ. ತೇವದ ಕಾಟ ಬೇರೆ: ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. ಹೊಗೆಕೊಳವೆ ಇಲ್ಲದ ಹೀಟರು ಅಷ್ಟನ್ನೂ ಒಳಗೇ ಬಿಡುತ್ತದೆ. ಬೆಳಗ್ಗೆ ಗೋಡೆ, ಹಾಸಿಗೆಯ ಅಡಿ ಎಲ್ಲ ಒದ್ದೆ. ಹೊಗೆಯನ್ನು ಹೊರಹಾಕುವ ಫರ್ನೇಸಿನಲ್ಲಿ ಈ ತೊಂದರೆಯಿಲ್ಲ, ಆದರೆ ಅದರ ಫ್ಯಾನು 12 ವೋಲ್ಟಿನ ಬ್ಯಾಟರಿಯನ್ನು ನಂಬಿದೆ. ಬ್ಯಾಟರಿ ಸತ್ತರೆ ಸಿಲಿಂಡರು ತುಂಬಿದ್ದೂ ವ್ಯರ್ಥ.

ಹೊರಡುವ ಮುನ್ನ ಎರಡು ಮಾತು. ಹೆಪ್ಪುಗಟ್ಟಿದ ಸಿಲಿಂಡರಿಗೆ ಬೆಂಕಿ ಹಿಡಿದು ಬಿಸಿ ಮಾಡಬೇಡಿ. ಎಷ್ಟೇ ಚಳಿಯಿರಲಿ, ಒಂದು ಗಾಳಿಕಿಂಡಿಯನ್ನು ತೆರೆದಿಟ್ಟು, ಕಾರ್ಬನ್ ಮಾನಾಕ್ಸೈಡ್ ಅಲಾರಂ ಸದ್ದು ಮಾಡುತ್ತದೆಯೇ ಎಂದು ಒತ್ತಿ ನೋಡಿಯೇ ಮಲಗಿ.