ತೊಂಬತ್ತು ದಾಟಿದ ಪ್ರಶ್ನೆ

ವಯಸ್ಸಾದಂತೆ ದೈವಭಕ್ತಿ ಹೆಚ್ಚುತ್ತದೆ ಎಂಬುದು ಲೋಕದ ಮಾತು. ಎ.ಎನ್. ಮೂರ್ತಿರಾಯರು ಇದಕ್ಕೆ ಹೊರತು. 1900ರಲ್ಲಿ ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿದ ಅವರು, ‘ಹಗಲುಗನಸುಗಳು’ ಸಂಕಲನದ ಕಾಲದಿಂದಲೂ ನಿತ್ಯಜೀವನದ ಸಣ್ಣಪುಟ್ಟ ಸಂಗತಿಗಳನ್ನು ಹರಟೆಯ ಧಾಟಿಯಲ್ಲಿ ಹೇಳಿ ಕನ್ನಡಿಗರಿಗೆ ಆಪ್ತರಾಗಿದ್ದವರು. 1991ರಲ್ಲಿ ಅವರ ‘ದೇವರು’ ಪ್ರಕಟವಾದಾಗ ತೊಂಬತ್ತು ದಾಟಿತ್ತು.

ದೇವರು ಸರ್ವಶಕ್ತ, ಕರುಣಾಳು ಎನ್ನುತ್ತೇವೆ. ಹಾಗಿದ್ದರೆ ಏನೂ ಅರಿಯದ ಹಸುಗೂಸು ನರಳುವುದೇಕೆ? ತಡೆಯಲಾರದವನಾದರೆ ಸರ್ವಶಕ್ತನಲ್ಲ, ತಡೆಯಲೊಲ್ಲದವನಾದರೆ ಕರುಣಾಳುವಲ್ಲ. ‘ಪೂರ್ವಜನ್ಮದ ಕರ್ಮ’ ಎನ್ನುವುದು ಸುಲಭ. ಆ ಕೂಸಿನ ತಾಯಿಯ ಎದುರು ಹಾಗೆನ್ನಲು ಬಾಯಿ ಬಾರದು. ಬಹಳ ಹಳೆಯದಾದ ಈ ತೊಡಕನ್ನು ರಾಯರು ಪಾಂಡಿತ್ಯದ ಭಾರ ಹೊರಿಸದೆ, ಜಗುಲಿಯ ಮೇಲೆ ಕುಳಿತು ಮಾತಾಡಿದಷ್ಟು ಸಹಜವಾಗಿ ಚರ್ಚಿಸಿದರು. ತಮಗೆ ನಂಬಿಕೆಯಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಿದರು.

ಸಾಮಾನ್ಯವಾಗಿ ಇಳಿವಯಸ್ಸಿನಲ್ಲಿ ಸಂಶಯವಿದ್ದರೂ ಹೇಳಿಕೊಳ್ಳಲು ಅಂಜಿಕೆ. ಮಕ್ಕಳೇನೆಂದಾರು, ನೆಂಟರೇನೆಂದಾರು ಎಂಬ ಅಳುಕು. ನೂರು ದಾಟಿ 2003ರಲ್ಲಿ ನಿಧನರಾದ ರಾಯರಿಗೆ ಆ ಅಳುಕಿರಲಿಲ್ಲ. ಅವರ ತೀರ್ಮಾನವನ್ನು ಎಲ್ಲರೂ ಒಪ್ಪಬೇಕಿಲ್ಲ. ಆದರೆ ಮನೆಯ ಹಿರಿಯರೇ ಪ್ರಶ್ನೆ ಕೇಳುವುದನ್ನು ಬಿಟ್ಟರೆ ಕಿರಿಯರು ಯಾರನ್ನು ನೋಡಿ ಕಲಿಯಬೇಕು?